ಇಪ್ಪತ್ತೆರಡು ಖೋಲಿಗಳ ಮುಖ

ನಮ್ಮೂರಿನಲ್ಲಿ ಮನೆಯ ಎದುರುಗೋಡೆಗೆ ಮುಖ ಎನ್ನುತ್ತಾರೆ. ಬಾಗಿಲ ಮೇಲೆ ಹಬ್ಬಿಸಿದ ಗಾರೆಯ ಬಳ್ಳಿ, ಕಿಟಕಿಯ ಎರಡೂ ಮಗ್ಗುಲಿಗೆ ಕೂತ ಗಿಳಿ, ಕಮಾನಿನೊಳಗೆ ಕೂಡಿಸಿದ ಕೆಂಪು, ಹಸಿರು, ನೀಲಿ ಗಾಜು, ಇಷ್ಟೂ ಸೇರಿದರೆ ಒಂದು ಮುಖ. ಎರಡು ಮನೆಗಳ ಮುಖ ಒಂದೇ ಆಗಿಬಿಟ್ಟರೆ, ಒಂದರ ಬಾಗಿಲು ಹೊಕ್ಕವರು ಒಮ್ಮೊಮ್ಮೆ ಇನ್ನೊಂದರ ಪಡಸಾಲೆಯಲ್ಲಿ ಹೋಗಿ ನಿಲ್ಲುತ್ತಾರೆ. ನಾನು ಹುಟ್ಟುವ ಎಷ್ಟೋ ಮೊದಲಿನಿಂದ ಇದು ಹೀಗೇ ಇದೆ. ನನ್ನ ಚಿಕ್ಕಂದಿನಲ್ಲಿ ಬಳೆಪೇಟೆಯ ವರ್ತಕರೊಬ್ಬರು ಆಸೆಪಟ್ಟು ಪಕ್ಕದ ಓಣಿಯ ವಕೀಲರ ಮನೆಯ ದ್ರಾಕ್ಷಿಬಳ್ಳಿಯನ್ನು ಗೊಂಚಲು ಸಹಿತ ಇದ್ದಹಾಗೇ ತಮ್ಮ ಗೋಡೆಗೆ ಮಾಡಿಸಿಕೊಂಡರು. ಎಂಟು ದಿನ ವಕೀಲರ ಕಕ್ಷಿದಾರರು ವರ್ತಕರ ಅಡುಗೆಮನೆಯಲ್ಲಿ ಕಾಗದಪತ್ರ ಹಿಡಿದು ಕೂತರು, ವರ್ತಕರ ಹೆಂಡತಿ ಎರಡು ಸಲ ವಕೀಲರ ಮನೆಯ ಸಾರಿಗೆ ಒಗ್ಗರಣೆ ಹಾಕಿ ಬಂದರು. ಕೊನೆಗೆ ಗಾರೆಯವನೊಬ್ಬ ನಿಚ್ಚಣಿಕೆ ಹತ್ತಿ ಮೂರು ದ್ರಾಕ್ಷಿ ಕೆತ್ತಿ ಕೆಡವಿದ ಮೇಲೆ ಎಲ್ಲ ಸರಿಹೋಯಿತು.

ಇಂಥದ್ದು ಆಗಬಾರದೆಂದೇ ಊರ ನಡುವೆ ನಕ್ಷೆಮನೆ ಇದೆ. ಅಲ್ಲಿ ಪ್ರತಿ ಮನೆಯ ಮುಖಕ್ಕೂ ಒಂದು ಹಾಳೆ. ಗಾರೆಯ ಕೆಲಸ ಕಪ್ಪು ಶಾಯಿಯಲ್ಲಿ, ಗಾಜು ನೀರುಬಣ್ಣದಲ್ಲಿ, ಬದಿಯಲ್ಲಿ ಅಳತೆ. ಹೊಸ ಮುಖ ಬೇಕಾದವರು ಮೊದಲು ನಮ್ಮಲ್ಲಿಗೆ ಬರಬೇಕು. ನಾವು ಬರೆದ ನಕ್ಷೆಯನ್ನು ಹಳೆಯ ಹಾಳೆಗಳ ಜೊತೆಗೆಲ್ಲ ಒಂದೊಂದಾಗಿ ಇಟ್ಟು ನೋಡಿ, ಯಾವುದನ್ನೂ ಹೋಲುವುದಿಲ್ಲವೆಂದು ಖಾತ್ರಿಯಾದ ಮೇಲೆ ಮುದ್ರೆ ಬೀಳುತ್ತದೆ. ಮುದ್ರೆ ಬಿದ್ದ ಮೇಲೆಯೇ ಗೋಡೆಗೆ ಗಾರೆ. ವರ್ಷಕ್ಕೊಮ್ಮೆ ಹಾಳೆ ಹಿಡಿದು ಮನೆಮನೆಗೆ ಹೋಗಿ ಎಲ್ಲಿ ಉದುರಿದೆ, ಎಲ್ಲಿ ಗಾಜು ಒಡೆದಿದೆ ಎಂದು ನೋಡಿ ಬರುವುದೂ ನಮ್ಮ ಕೆಲಸವೇ, ಏಕೆಂದರೆ ಪೂರ್ತಿ ಉದುರಿದ ಎರಡು ಗೋಡೆಗಳ ನಡುವೆ ವ್ಯತ್ಯಾಸವೇನೂ ಉಳಿಯುವುದಿಲ್ಲ.

ನನ್ನ ಹೆಸರು ಇಂದುಮತಿ. ಆಗ ನಾನು ನಕ್ಷೆಮನೆಯಲ್ಲಿ ಗೆರೆ ಎಳೆಯಲು ತೊಡಗಿ ಹತ್ತೊಂಬತ್ತು ವರ್ಷವಾಗಿತ್ತು. ನನ್ನ ಕೈ ನಡುಗುತ್ತಿರಲಿಲ್ಲ, ಬಣ್ಣ ಗೆರೆ ದಾಟುತ್ತಿರಲಿಲ್ಲ, ನಾನು ಬರೆದ ಯಾವ ಮುಖವೂ ಇನ್ನೊಂದನ್ನು ಹೋಲುತ್ತದೆಂದು ವಾಪಸು ಬಂದಿರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಹೇಳಬೇಕಾದವರು ನಮ್ಮ ಹಿರಿಯರಾದ ಭೀಮಾಜಿ ಮಾಸ್ತರರು, ಅವರು ಯಾರನ್ನಾದರೂ ಹೊಗಳಿದ್ದನ್ನು ಕೇಳಿದವರು ಊರಿನಲ್ಲಿ ಸಿಗುವುದಿಲ್ಲ. ನನಗೆ ಕುಂಚ ಹಿಡಿಯಲು ಕಲಿಸಿದವರು ಅವರೇ. ಸಾವಿರದ ನೂರಾ ನಲವತ್ತು ಹಾಳೆಗಳೂ ಅವರಿಗೆ ಬಾಯಿಪಾಠ. ಹೊಸ ನಕ್ಷೆ ಕಣ್ಣಿಗೆ ಬಿದ್ದರೆ, "ಇದರ ಹಂಸದ ಕುತಿಗಿ ದೇಸಾಯರ ಮನಿದು" ಎಂದು ಕೂತಲ್ಲಿಂದಲೇ ಹೇಳುತ್ತಿದ್ದರು. ಆ ವರ್ಷ ಹೊಸ ಡಾಕ್ಟರರ ಮನೆಗೆ ಒಂದು ಮುಖ ಹುಡುಕಲು ನನಗೆ ಮೂರು ತಿಂಗಳು ಹಿಡಿಯಿತು. ಗಿಳಿ, ನವಿಲು, ಕಮಲ, ದ್ರಾಕ್ಷಿ, ಮಾವಿನಕಾಯಿ, ಎಲ್ಲವೂ ಎಲ್ಲ ಬಗೆಯಲ್ಲೂ ಆಗಿಹೋಗಿದ್ದವು. ಮುದ್ರೆ ಒತ್ತುವಾಗ ಮಾಸ್ತರರು, "ಇಲ್ಲಿಗೆ ಮುಗೀತು ಇಂದುಮತಿ. ಇನ್ನ ಈ ಊರಾಗ ಹೊಸಾ ಮುಖ ಹುಟ್ಟೂದಿಲ್ಲ" ಅಂದರು.

ಅದಾಗಿ ವಾರಕ್ಕೆ ಫಕೀರವ್ವ ಬಂದಳು. ಹತ್ತಿ ಕಾರ್ಖಾನೆಯಲ್ಲಿ ಕೂಲಿ ಮಾಡುವವಳು. ತಲೆಗೂದಲಲ್ಲಿ, ಹುಬ್ಬಿನಲ್ಲಿ ಹತ್ತಿಯ ಎಳೆ ಅಂಟಿದ್ದವು. ನಕ್ಷೆಮನೆಯ ಹೊಸ್ತಿಲಲ್ಲೇ ನಿಂತು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಬಂದಳು.

"ನಮ್ಮ ಖೋಲಿಗೆ ಒಂದು ಮುಖ ಬರಕೊಡ್ರಿ, ಅಕ್ಕಾರ" ಅಂದಳು.

ಕಾರ್ಖಾನೆಯ ಹಿಂದಿನ ಚಾಳಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಒಂದೊಂದೇ ಕೋಣೆಯ ಇಪ್ಪತ್ತೆರಡು ಖೋಲಿಗಳಿವೆ ಎಂದು ನನಗೆ ಗೊತ್ತಿತ್ತು. ಒಂದಕ್ಕೂ ಮುಖವಿರಲಿಲ್ಲ, ಹಾಗಾಗಿ ನಮ್ಮಲ್ಲಿ ಅವುಗಳ ಹಾಳೆಯೂ ಇರಲಿಲ್ಲ.

"ನಿಂದು ಎಷ್ಟನೇ ಖೋಲಿ?" ಎಂದು ಕೇಳಿದೆ.

"ಬೇವಿನ ಗಿಡದ ಕಡಿಂದ ಎಣಿಸಿದ್ರ ಒಂಬತ್ತನೇದ್ರಿ. ಆದರ ಒಂಬತ್ತನೇ ಬಾಗಲಾ ಹೊಕ್ಕರ ಒಂಬತ್ತನೇ ಖೋಲಿನ ಸಿಗತೈತಿ ಅಂತ ಏನಿಲ್ಲಲ್ರಿ."

ಆ ಚಾಳನ್ನು ಕಾರ್ಖಾನೆಯ ಮೊದಲಿನ ಯಜಮಾನರು ಒಂದೇ ಅಚ್ಚಿನಲ್ಲಿ ಕಟ್ಟಿಸಿದ್ದರು. ಬೋಳು ಗೋಡೆ, ಒಂದು ಬಾಗಿಲು, ಅದರ ಮೇಲೆ ಗಾಳಿಗೆಂದು ಒಂದು ಕಮಾನಿನ ಕಿಂಡಿ. ಅಲ್ಲಿ ಇರಲು ಬಂದವರು ಮೊದಮೊದಲು ಬಾಗಿಲಿಗೆ ಬಣ್ಣ ಹಚ್ಚಿ ನೋಡಿದರು, ಅಂಕಿ ಬರೆದು ನೋಡಿದರು. ನಮ್ಮೂರಿನ ಬಾಗಿಲುಗಳು ಗಾರೆ ಮತ್ತು ಗಾಜಿನ ಮಾತನ್ನಷ್ಟೇ ಕೇಳುತ್ತವೆ. ಕೊನೆಗೆ ಅವರು ಅದಕ್ಕೇ ಹೊಂದಿಕೊಂಡರು. ಸಂಜೆಗೆ ಯಾವ ಖೋಲಿ ಸಿಕ್ಕಿತೋ ಆ ದಿನಕ್ಕೆ ಅದೇ ಮನೆ. ಎಲ್ಲ ಖೋಲಿಯಲ್ಲೂ ಉಪ್ಪಿನ ಗಡಿಗೆ ಒಲೆಯ ಬಲಕ್ಕೇ ಇರಬೇಕು, ಜೋಳದ ಹಿಟ್ಟು ಮೂಲೆಯ ಡಬ್ಬಿಯಲ್ಲೇ ಇರಬೇಕು. ಮೊದಲು ಹೊಕ್ಕ ಹೆಂಗಸು ರೊಟ್ಟಿ ಬಡಿಯುತ್ತಾಳೆ, ಆಮೇಲೆ ಬಂದವರು ಉಣ್ಣುತ್ತಾರೆ. ಮಕ್ಕಳು ಯಾರ ಮಗ್ಗುಲಲ್ಲಿ ನಿದ್ದೆ ಬಂತೋ ಅಲ್ಲೇ ಮಲಗಿ, ಬೆಳಗಾದರೆ ಬೇವಿನ ಕೆಳಗೆ ತಮ್ಮ ತಂದೆತಾಯಿಯನ್ನು ಹುಡುಕಿಕೊಳ್ಳುತ್ತವೆ. ಬೇರೆಬೇರೆ ಖೋಲಿಗೆ ಹೋಗಿ ಬೀಳಬಾರದೆಂದು ಗಂಡಹೆಂಡಿರು ಕೈಹಿಡಿದುಕೊಂಡೇ ಹೊಸ್ತಿಲು ದಾಟುತ್ತಾರೆ. ಮೊಮ್ಮಕ್ಕಳಿದ್ದವರು ಕೂಡ. ಊರಿನ ಉಳಿದ ಓಣಿಗಳಲ್ಲಿ ಹಾಗೆ ಯಾರೂ ಕೈಹಿಡಿಯುವುದನ್ನು ನಾನು ಕಂಡಿಲ್ಲ.

ಫಕೀರವ್ವನ ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಅವಳಿಗೆ ಇದ್ದವಳು ಅತ್ತೆ ಸಂಕವ್ವ ಒಬ್ಬಳೇ.

"ಹೋದ ಕಾರ್ತೀಕದಾಗ ಬಿದ್ದು ಸೊಂಟಾ ಮುರಕೊಂಡಾಳ್ರಿ. ಎದ್ದು ಹೊರಗ ಬರಾಕ ಆಗೂದಿಲ್ಲ. ನಾ ಕೆಲಸ ಮುಗಿಸಿ ಬಂದು ಆಕಿನ್ನ ಹುಡುಕೂದು. ಒಂದಿನಾ ಮೂರನೇ ಸಲಕ್ಕ ಸಿಗತಾಳ, ಒಂದಿನಾ ಮೂವತ್ತು ಸಲ ಒಳಗ ಹೊರಗ ಮಾಡಿದ್ರೂ ಇಲ್ಲ. ಯಾರಿಗೆ ಆ ಖೋಲಿ ಸಿಗತೈತಿ ಅವರು ಗಂಜಿ ಕುಡಸತಾರ, ಅದಕ್ಕೇನೂ ಕಡಿಮಿ ಇಲ್ರಿ. ಆದರ ಮೊನ್ನೆ ಒಂದೂವರಿ ದಿನಾ ಯಾರಿಗೂ ಸಿಗಲಿಲ್ಲ. ಎಲ್ಲಾರೂ ಇನ್ನೊಬ್ಬರು ಹೋಗಿರಬೇಕು ಅಂತ ತಿಳದಾರ. ನಾ ಹೊಕ್ಕಾಗ ಆಕಿ ನಾಲಿಗಿ ಒಣಗಿ ಕಟ್ಟಿಗಿ ಆಗಿತ್ರಿ."

ಇಷ್ಟು ಹೇಳುವಾಗ ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

ಮಾಸ್ತರರು ತಮ್ಮ ಮೇಜಿನಿಂದ ತಲೆಯೆತ್ತದೆ, "ಕೊಡಬಾರದು ಅಂತ ಅಲ್ಲ ತಂಗಿ. ಹೊಸಾ ಮುಖನ ಉಳದಿಲ್ಲ. ಎಲ್ಲಿಂದ ತರೂಣು?" ಅಂದರು.

ಫಕೀರವ್ವ ಗೋಡೆಯುದ್ದಕ್ಕೂ ಜೋಡಿಸಿಟ್ಟ ಹಾಳೆಗಳ ಕಟ್ಟುಗಳನ್ನು ನೋಡಿದಳು, ಆಮೇಲೆ ನನ್ನ ಮೇಜಿನ ಕುಂಚಗಳನ್ನು ನೋಡಿದಳು. "ನಿಮ್ಮ ಕೈಲೆ ಆಗೂದಿಲ್ಲ ಅಂದ್ರ ಆಗೂದಿಲ್ಲ ಅನ್ರಿ ಅಕ್ಕಾರ. ನಾ ಬರತೀನಿ" ಎಂದು ಹೊರಟುಬಿಟ್ಟಳು.

ಆ ಮಾತು ನನಗೆ ನಾಟಿತು. ದಯೆಯಿಂದ ಹೋದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ಕೈಯಿಂದ ಆಗುವುದಿಲ್ಲ ಎಂದು ಅದುವರೆಗೆ ಯಾರೂ ಅಂದಿರಲಿಲ್ಲ, ಅದಕ್ಕಾಗಿ ಹೋದೆ. ಮರುದಿನ ಹಾಳೆಯ ಸುರುಳಿ ಕಂಕುಳಲ್ಲಿಟ್ಟುಕೊಂಡು ಚಾಳಿನ ಒಂಬತ್ತನೇ ಬಾಗಿಲು ತಳ್ಳಿದೆ. ಒಳಗೆ ಒಬ್ಬ ಬಾಣಂತಿ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು, ನನ್ನನ್ನು ನೋಡಿ "ಬರ್ರಿ" ಎಂದು ಮಣೆ ಸರಿಸಿದಳು. ಹೊರಗೆ ಬಂದು ಮತ್ತೆ ಹೊಕ್ಕೆ. ಹತ್ತು ಸಲ ಹತ್ತು ಕಡೆ ಹೋದೆ, ಎಲ್ಲಿಯೂ ಯಾರೂ ಯಾರು ನೀನು ಎಂದು ಕೇಳಲಿಲ್ಲ. ಹನ್ನೊಂದನೇ ಸಲಕ್ಕೆ ಸಂಕವ್ವ ಸಿಕ್ಕಳು. ಗೋಡೆಗೆ ಹತ್ತಿಕೊಂಡು ಹಾಸಿಗೆ, ಅದರ ಮೇಲೆ ಒಂದು ಹಿಡಿಯಷ್ಟು ಮುದುಕಿ, ಕುತ್ತಿಗೆಯವರೆಗೆ ಕೌದಿ ಹೊದ್ದುಕೊಂಡು ಮಲಗಿದ್ದಳು.

"ಹೊಸಾಕಿ ಕಾಣತಿ. ಬಂದದ್ದು ಬಂದಿ, ನನ್ನ ಈ ಮಗ್ಗಲಿಗೆ ಹೊರಳಿಸು" ಅಂದಳು.

ಹೊರಳಿಸಿದೆ, ನೀರು ಕುಡಿಸಿದೆ. ಕೌದಿ ಸರಿಮಾಡುವಾಗ ಅದನ್ನು ಮೊದಲ ಸಲ ಸರಿಯಾಗಿ ನೋಡಿದೆ. ಹಳೆಯ ಸೀರೆ, ಧೋತರ, ಕುಪ್ಪಸದ ನೂರಾರು ತುಂಡುಗಳು. ನಡುವೆ ಒಂದು ಕೆಂಪು ಚೌಕ, ಸುತ್ತ ನೀಲಿ ಮುಕ್ಕೋನಗಳು, ಅವುಗಳ ಬೆನ್ನಿಗೆ ಓರೆಯಾಗಿ ಹಸಿರು ಪಟ್ಟಿ, ಎಲ್ಲದರ ಮೇಲೂ ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ ಸುತ್ತುಸುತ್ತಾಗಿ ಹೋಗಿತ್ತು. ನಮ್ಮ ಮನೆಯಲ್ಲೂ ಕೌದಿಗಳಿದ್ದವು. ಹುಟ್ಟಿದಾಗಿನಿಂದ ಹೊದ್ದುಕೊಂಡೇ ಮಲಗಿದ್ದೆ, ಒಂದು ದಿನವೂ ನೋಡಿರಲಿಲ್ಲ.

"ಇದನ್ನ ಹೊಲಿದಾವರು ಯಾರು, ಅಜ್ಜಿ?"

"ಯಾರು ಅಂದ್ರ? ಈ ಚಾಳಿನಾಗಿನ ಇಪ್ಪತ್ತೆರಡೂ ನನ್ನ ಕೈವು. ನಲವತ್ತು ವರ್ಷ ಹೊಲಿದೀನಿ. ಒಂದರಂಗ ಇರೂದು ಇನ್ನೊಂದು ತಂದು ತೋರಿಸು, ನನ್ನ ಮೂಗು ಕೊಯ್ಯಿ."

ಅವಳು ಅದನ್ನು ಹೇಳಿದ ರೀತಿಗೆ ನನಗೆ ನಗು ಬಂತು. ನನ್ನದೇ ಮಾತು, ಅವಳ ಬಾಯಿಂದ. ನೆಲದ ಮೇಲೆ ಹಾಳೆ ಹರಡಿ ಅಲ್ಲೇ ಬರೆಯಲು ಕೂತೆ. ಕೌದಿಯ ತುಂಡುಗಳನ್ನು ಬಾಗಿಲ ಮೇಲಿನ ಕಮಾನಿಗೆ ಗಾಜಾಗಿ ಹೊಂದಿಸಿದೆ. ಹೊಲಿಗೆಯ ಸಾಲನ್ನು ಗಾರೆಯಲ್ಲಿ ಉಬ್ಬಿದ ಕಾಳುಗಳ ಸಾಲಾಗಿ ಚೌಕಟ್ಟಿನ ಸುತ್ತ ತಂದೆ. ಅಂಚಿನ ಮೇಲೆ ಸಂಕವ್ವ ದಾರದಲ್ಲಿ ಹಬ್ಬಿಸಿದ್ದ ಹೆಸರಿಲ್ಲದ ಎಲೆಗಳ ಬಳ್ಳಿಯನ್ನು ಗೋಡೆಯ ಎರಡೂ ಬದಿಗೆ ಏರಿಸಿದೆ. ಅವಳು ಮಲಗಿದಲ್ಲಿಂದಲೇ ನೋಡುತ್ತಿದ್ದು, "ಆ ಹಸರು ಇನ್ನೂ ಓರೆ ಆಗಬೇಕು" ಎಂದು ತಿದ್ದಿದಳು. ಅವಳು ಹೇಳಿದ್ದು ಸರಿಯಾಗಿತ್ತು.

ಮಾಸ್ತರರು ಆ ಹಾಳೆಯನ್ನು ಕೈಗೆತ್ತಿಕೊಂಡು ಮೂಲೆಯಿಂದ ಮೂಲೆಗೆ ನೋಡಿದರು. ಕೂತಲ್ಲಿಂದ ಯಾರ ಮನೆಯ ಹೆಸರೂ ಅವರ ಬಾಯಿಗೆ ಬರಲಿಲ್ಲ. ಎದ್ದು ಹೋಗಿ ಎರಡು ದಿನ ತಾವೇ ಕಟ್ಟು ಬಿಚ್ಚಿ ಬಿಚ್ಚಿ ಹೋಲಿಸಿದರು. ಮೂರನೆಯ ದಿನ ಧೂಳು ಮೆತ್ತಿದ ಕೈಯಲ್ಲಿ ಬಂದು, "ಎಲ್ಲಿ ಸಿಕ್ಕಿತು ಇದು?" ಎಂದು ಕೇಳಿದರು.

"ಹಾಸಿಗ್ಯಾಗ್ರಿ, ಮಾಸ್ತರ" ಅಂದೆ.

ಮುದ್ರೆ ಬಿತ್ತು. ಕಾರ್ಖಾನೆಯ ಯಜಮಾನರು, ಗೋಡೆ ಬೀಳದಂತೆ ಏನು ಬೇಕಾದರೂ ಮಾಡಿಕೊಳ್ಳಿ, ನನ್ನ ಹತ್ತಿರ ಮಾತ್ರ ಬರಬೇಡಿ ಅಂದರು. ಗಾರೆ ಕೆಲಸಕ್ಕೆ ತಿರಕಪ್ಪ ಮೇಸ್ತ್ರಿಯನ್ನು ಕೇಳಿದೆ. ಊರಿನ ದೊಡ್ಡ ಮನೆಗಳ ಅರ್ಧದಷ್ಟು ಗಿಳಿಗಳು ಅವನ ಕೈಯಿಂದ ಹುಟ್ಟಿದವು. ನಕ್ಷೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿ, "ಗಿಣಿ ಮಾಡಿ ಮಾಡಿ ಸಾಕಾಗಿತ್ತು ನೋಡ್ರಿ" ಎಂದವನು ಮಾರನೆಯ ದಿನವೇ ಕರಣೆ ತೆಗೆದುಕೊಂಡು ಚಾಳಿಗೆ ಬಂದ. ಚಾಳಿನ ಹೆಂಗಸರು ಸುಣ್ಣ ಅರೆದರು, ಅವನು ಹೇಳಿದ ಹದಕ್ಕೆ ಬೆಲ್ಲದ ನೀರು ಬೆರೆಸಿದರು. ಬಣ್ಣದ ಗಾಜು ಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲ. ಔಷಧದ ಬಾಟಲಿಯಿಂದ ನೀಲಿ ಸಿಕ್ಕಿತು, ಸೋಡಾ ಬಾಟಲಿಯಿಂದ ಹಸಿರು. ಕೆಂಪು ಮಾತ್ರ ಎಲ್ಲಿಯೂ ಸಿಗಲಿಲ್ಲ. ಆಗ ಸಂಕವ್ವ ತನ್ನ ತಲೆದಿಂಬಿನ ಕೆಳಗಿನ ತಗಡಿನ ಡಬ್ಬಿ ತೆಗೆಸಿದಳು. ಗಂಡ ಸತ್ತ ದಿನ ಒಡೆದ ಕೆಂಪು ಬಳೆಗಳ ಚೂರು, ಇಪ್ಪತ್ತೇಳು ವರ್ಷದಿಂದ ಇಟ್ಟುಕೊಂಡಿದ್ದಳು.

"ಸುಮ್ಮನ ಕತ್ತಲದಾಗ ಬಿದ್ದಾವ. ಬೆಳಕಿಗೆ ಹಾಕು" ಅಂದಳು.

ಮುಖ ಮುಗಿದ ದಿನ ಫಕೀರವ್ವ ಕೆಲಸದಿಂದ ಬಂದು ಒಂಬತ್ತನೇ ಬಾಗಿಲು ತಳ್ಳಿದಳು. ಸಂಕವ್ವ ಅಲ್ಲೇ ಇದ್ದಳು. ಫಕೀರವ್ವ ಹೊರಗೆ ಬಂದು ಮತ್ತೆ ಹೋದಳು, ಅತ್ತೆ ಮತ್ತೂ ಅಲ್ಲೇ ಇದ್ದಳು. ಹೀಗೆ ಐದಾರು ಸಲ ಒಳಗೆ ಹೊರಗೆ ಮಾಡಿ, ಕೊನೆಗೆ ಹೊಸ್ತಿಲ ಮೇಲೆ ಕೂತು ಕಾಲು ನೀಡಿದಳು. ಬೇವಿನ ಕೆಳಗೆ ನೆರೆದಿದ್ದವರೆಲ್ಲ ಅವಳನ್ನು ನೋಡಿದರು, ಗೋಡೆಯನ್ನು ನೋಡಿದರು. ಮಾರನೆಯ ದಿನ ಬಾಣಂತಿ ತನ್ನ ಕೌದಿ ತಂದು ನನ್ನ ಮುಂದೆ ಹರವಿದಳು. ಆಮೇಲೆ ಒಬ್ಬರ ಹಿಂದೆ ಒಬ್ಬರು.

ಫಕೀರವ್ವನದೂ ಸೇರಿ ಎಂಟು ತಿಂಗಳಲ್ಲಿ ಇಪ್ಪತ್ತೊಂದು ಮುಖ ಬರೆದೆ. ಡಾಕ್ಟರರ ಒಂದು ಮುಖಕ್ಕೆ ಮೂರು ತಿಂಗಳು ಹಿಡಿದಿದ್ದ ಕೈ ಇದು. ಗೋಡೆಗಳು ಒಂದೊಂದಾಗಿ ಎದ್ದಂತೆ ಊರಿನವರು ಸಂಜೆ ತಿರುಗಾಡಲು ಕೆರೆಯ ದಂಡೆ ಬಿಟ್ಟು ಚಾಳಿನ ಕಡೆಗೆ ಬರತೊಡಗಿದರು. ಹೊತ್ತು ಮುಳುಗಿ ಒಳಗೆ ದೀಪ ಹಚ್ಚಿದರೆ ಅಂಗಳದ ಮಣ್ಣಿನ ಮೇಲೆ ಇಪ್ಪತ್ತೊಂದು ಕೌದಿ ಹಾಸಿದ ಹಾಗೆ ಕಾಣುತ್ತಿತ್ತು. ಹೆಂಗಸರು ತಮ್ಮತಮ್ಮ ಹೊಸ್ತಿಲಲ್ಲಿ ಕೂತು, ನೋಡಲು ಬಂದವರಿಗೆ ಇದು ನಮ್ಮವ್ವನ ಸೀರೆ, ಇದು ನನ್ನ ತೊಟ್ಟಿಲ ಬಟ್ಟೆ ಎಂದು ಗಾಜಿನ ಒಂದೊಂದು ಚೂರನ್ನೂ ತೋರಿಸುತ್ತಿದ್ದರು. ದೇಸಾಯರ ಸೊಸೆ ನಕ್ಷೆಮನೆಗೆ ಬಂದು ತಮಗೂ ಚಾಳಿನಂಥದ್ದೇ ಬೇಕು ಅಂದರು. "ಕೌದಿ ಇದ್ರ ತರ್ರಿ, ನೋಡೂಣು" ಎಂದು ಕಳಿಸಿದೆ. ಅಂಥ ಮಾತು ಆಡಲು ಸಿಕ್ಕಿದ್ದಕ್ಕೆ ಅಂದು ನನಗೆ ಊಟ ಹೆಚ್ಚಾಗಿಯೇ ಸೇರಿತು.

ಉಳಿದದ್ದು ಕೊನೆಯ ಖೋಲಿ, ಯಮನೂರಪ್ಪ ಕಾಕಾನದು. ಹತ್ತಿಯ ಗಂಟು ಹೊರುವ ಹಮಾಲ, ಅರವತ್ತು ದಾಟಿದ್ದ, ಹಿಂದೆ ಮುಂದೆ ಯಾರೂ ಇಲ್ಲದವನು. ಕೌದಿ ಕೇಳಲು ಹೋದಾಗ ಅದನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಬೇವಿನ ಕೆಳಗೆ ಕೂತಿದ್ದ.

"ನನ್ನ ಖೋಲಿಗೆ ಮುಖ ಬ್ಯಾಡವಾ" ಅಂದ.

"ಯಾಕ ಕಾಕಾ? ನಿಂದೊಂದ ಉಳದೈತಿ."

"ಮೂವತ್ತು ವರ್ಷ ಆತು ನಾ ಇಲ್ಲಿಗೆ ಬಂದು. ಸಂಜಿಗೆ ಯಾವುದರ ಒಂದು ಬಾಗಲಾ ನೂಕಿದ್ರ ಒಳಗ ಯಾರರ ಇರತಿದ್ರು. ಒಲಿ ಉರೀತಿತ್ತು. ಒಂದು ಕೂಸು ಬಂದು ತೊಡಿ ಮ್ಯಾಲೆ ಕುಂದರತಿತ್ತು. ಈಗ ನನ್ನ ಖೋಲಿ ನನಗ ಸಿಕ್ಕರ, ಅಲ್ಲಿ ಏನೈತಿ?"

ಹಾಗಾದರೆ ಬೋಳಾಗಿಯೇ ಬಿಡೋಣ ಎಂದೆ. ಪಕ್ಕದಲ್ಲಿ ಸುಣ್ಣ ಕಲಸುತ್ತಿದ್ದ ತಿರಕಪ್ಪ ಮೇಸ್ತ್ರಿ ತಲೆಯಾಡಿಸಿದ. "ಇಪ್ಪತ್ತೊಂದಕ್ಕ ಮುಖ ಆದ ಮ್ಯಾಲೆ ಬೋಳು ಗೋಡಿ ಅದೊಂದ ಉಳೀತು. ಅದೂ ಒಂದು ಮುಖ ಆದಂಗ ಆತಲ್ರಿ." ಅವನು ಹೇಳಿದ ಮೇಲೆಯೇ ನನಗೆ ಅರ್ಥವಾಯಿತು. ಒಂದೊಂದೇ ಗೋಡೆ ಮುಗಿದಂತೆ ಕಾಕಾನಿಗೆ ಒಂದೊಂದೇ ಬಾಗಿಲು ಮುಚ್ಚುತ್ತ ಬಂದಿತ್ತು. ಆ ತಿಂಗಳೆಲ್ಲ ಅವನು ತನ್ನ ಖಾಲಿ ಖೋಲಿಗೇ ಹೋಗಿ ಬೀಳುತ್ತಿದ್ದ, ಅದಕ್ಕೇ ಕತ್ತಲಾಗುವವರೆಗೆ ಬೇವಿನ ಕೆಳಗೆ ಕೂತಿರುತ್ತಿದ್ದ. ದಿನವೂ ಅವನ ಮುಂದೆಯೇ ಹಾದುಹೋಗುತ್ತಿದ್ದ ನಾನು, ನನ್ನ ಗಾಜುಗಳ ಬಣ್ಣವನ್ನು ಅವನೂ ನೋಡುತ್ತ ಕೂತಿದ್ದಾನೆ ಎಂದುಕೊಂಡಿದ್ದೆ.

ಫಕೀರವ್ವ ನನ್ನನ್ನು ಒಳಗೆ ಕರೆದಳು. ಸಂಕವ್ವನಿಗೆ ಮಲಗಿದಲ್ಲೇ ಎಲ್ಲ ಕೇಳಿಸಿತ್ತು.

"ಅಂವಗ ನಮ್ಮ ಮುಖನ ಹಾಕು" ಅಂದಳು.

"ಅಂದ್ರ?"

"ನಮ್ಮ ಖೋಲಿಗೆ ಐತಲ್ಲ, ಅದನ್ನ ಅಂವನ ಖೋಲಿಗೂ ಮಾಡು. ಎರಡೂ ಒಂದ ಇರಲಿ. ಅಂವ ಒಂದಿನಾ ಅಲ್ಲಿ ಬಿದ್ದರ ಒಂದಿನಾ ಇಲ್ಲಿ ಬೀಳತಾನ."

ನಾನು ಫಕೀರವ್ವನ ಕಡೆ ನೋಡಿದೆ. ತನ್ನ ಮನೆ ತನಗೆ ಸಿಗಬೇಕೆಂದು ನಕ್ಷೆಮನೆಯ ಮೆಟ್ಟಿಲು ಹತ್ತಿದವಳು ಅವಳು.

"ಇಪ್ಪತ್ತೆರಡು ಬಾಗಲಾ ತಿರಗಿದಾಕಿಗೆ ಎರಡು ಹೆಚ್ಚಲ್ರಿ ಅಕ್ಕಾರ" ಅಂದಳು. "ಮತ್ತ ನಾ ಕೆಲಸಕ್ಕ ಹೋದಾಗ ಅತ್ತಿಗೆ ನೀರು ಕೊಡಾಕ ಒಬ್ಬರು ಆದಂಗ ಆತು."

"ನಕ್ಷೆಮನ್ಯಾಗ ಅಂಥಾದ್ದು ನಡಿಯೂದಿಲ್ಲ ಅಜ್ಜಿ. ಹತ್ತೊಂಬತ್ತು ವರ್ಷದಾಗ ನಾ ಒಂದರಂಗ ಇನ್ನೊಂದು ಬರದಿಲ್ಲ" ಅಂದೆ.

"ನಂದು ನಲವತ್ತು ವರ್ಷ" ಅಂದಳು ಸಂಕವ್ವ. "ನಾನ ಒಪ್ಪೇನಿ. ನಿನ್ನ ಹತ್ತೊಂಬತ್ತು ನನ್ನ ನಲವತ್ತಕ್ಕಿಂತ ದೊಡ್ಡದೇನು?"

ಹೊರಗೆ ಬಂದು ಕಾಕಾನಿಗೆ ಹೇಳಿದೆ. ಅವನು ತೊಡೆಯ ಮೇಲಿನ ಕೌದಿಯನ್ನು ಇನ್ನೊಂದು ಮಡಿಕೆ ಮಡಿಚಿ, "ಫಕೀರವ್ವಗ ತ್ರಾಸ ಆಗೂದಿಲ್ಲೇನು?" ಎಂದಷ್ಟೇ ಕೇಳಿದ.

ಬೇರೆಬೇರೆ ಬರೆಯುವುದೇ ಕಷ್ಟ ಎಂದುಕೊಂಡವಳು ನಾನು. ಒಂದೇ ಬರೆಯಲು ಕೂತಾಗ ಗೊತ್ತಾಯಿತು. ಕೈ ತಾನಾಗಿಯೇ ಬೇರೆಯಾಗಲು ನೋಡುತ್ತದೆ. ಬಳ್ಳಿ ಎರಡನೆಯ ಸಲಕ್ಕೆ ಸ್ವಲ್ಪ ಬಾಗುತ್ತದೆ, ನೀಲಿ ಸ್ವಲ್ಪ ತೆಳುವಾಗುತ್ತದೆ. ಮೂರು ಹಾಳೆ ಹರಿದು ಹಾಕಿದೆ. ನಾಲ್ಕನೆಯದನ್ನು ಒಂಬತ್ತನೇ ಖೋಲಿಯ ಹಾಳೆಯ ಜೊತೆಗೆ ಮಾಸ್ತರರ ಮುಂದೆ ಇಟ್ಟು ಕೈಕಟ್ಟಿ ನಿಂತೆ. ನನ್ನನ್ನು ಕೆಲಸದಿಂದ ತೆಗೆಯುವ ಅಧಿಕಾರ ಅವರಿಗೆ ಇತ್ತು.

ಮಾಸ್ತರರು ಕನ್ನಡಕ ಏರಿಸಿದರು. "ಇಂದುಮತಿ, ಇವೆರಡೂ ಒಂದ ಅದಾವ" ಅಂದರು.

"ಹೌದ್ರಿ."

"ತಪ್ಪಿ ಆಗೇತೋ, ಬೇಕಂತ ಮಾಡೀಯೋ?"

ಬೇಕೆಂದೇ ಮಾಡಿದ್ದೇನೆ ಎಂದು ಹೇಳಿ, ಯಮನೂರಪ್ಪ ಕಾಕಾನ ಮಾತನ್ನೂ ಸಂಕವ್ವನ ಮಾತನ್ನೂ ಇದ್ದಂತೆ ಒಪ್ಪಿಸಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ. ಎರಡೂ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಒಯ್ದು, ಒಂದರ ಮೇಲೊಂದು ಇಟ್ಟು, ಬೆರಳಿನಿಂದ ಮೆಲ್ಲಗೆ ಬಳ್ಳಿಯನ್ನು ಹಿಂಬಾಲಿಸುತ್ತ ಹೋದರು. ಬಲಬದಿಯ ಮೇಲುಗಡೆ ಬೆರಳು ನಿಂತಿತು.

"ಇಲ್ಲಿ ಒಂದು ಎಲಿ ಜಾಸ್ತಿ ಆಗೇತಿ. ಹಿಂಗ ಕಟ್ಟಿದ್ರ ಎರಡು ಬ್ಯಾರೆ ಮುಖ ಆಗತಾವ. ಒಂದ ಮಾಡೂದು ಅಂದ ಮ್ಯಾಲೆ ಸರಿಯಾಗಿ ಒಂದ ಮಾಡು."

ಐದನೆಯ ಹಾಳೆಯನ್ನು ಅವರ ಎದುರಿಗೇ ಕೂತು ಬರೆದೆ. ನಮ್ಮ ದಪ್ತರದಲ್ಲಿ ಪ್ರತಿ ಮುಖದ ಮುಂದೆ ಹೋಲಿಕೆ ಎಂಬ ಒಂದು ಅಂಕಣವಿದೆ, ಅದರಲ್ಲಿ ಸಾವಿರದ ನೂರಾ ಅರವತ್ತೊಂದು ಸಲವೂ "ಇಲ್ಲ" ಎಂದೇ ಬರೆದಿದೆ. ಮಾಸ್ತರರು ಪೆನ್ನು ತೆಗೆದುಕೊಂಡು, ಆ ಸಾಲಿನ ಕೆಳಗೆ ತಮ್ಮ ದುಂಡು ಅಕ್ಷರದಲ್ಲಿ, "ಒಂಬತ್ತನೇ ಖೋಲಿಗೆ, ಪೂರ್ತಿ" ಎಂದು ಬರೆದು ಮುದ್ರೆ ಒತ್ತಿದರು. ಆಮೇಲೆ ತಲೆಯೆತ್ತದೆ, "ಚಲೋ ಕೈ" ಅಂದರು. ಯಾರ ಕೈ ಎಂದು ಹೇಳಲಿಲ್ಲ. ನಾನು ನನ್ನದೆಂದೇ ತಿಳಿದುಕೊಂಡೆ.

ತಿರಕಪ್ಪ ಮೇಸ್ತ್ರಿ ಆ ಕೊನೆಯ ಗೋಡೆಗೆ ಇಪ್ಪತ್ತಾರು ದಿನ ತೆಗೆದುಕೊಂಡ. ಒಂಬತ್ತನೇ ಖೋಲಿಯ ಒಂದೊಂದು ಎಲೆಯನ್ನೂ ದಾರದಿಂದ ಅಳೆದು ಬಂದು ಇಲ್ಲಿ ಇಳಿಸಿದ. ಗಾಜನ್ನು ನಾನು ಅಂಗೈಯಲ್ಲಿಟ್ಟು ಚೂರಿಗೆ ಚೂರು ಹೊಂದಿಸಿ ಕಳಿಸಿದೆ. ಸಂಕವ್ವನ ಡಬ್ಬಿಯಲ್ಲಿ ಉಳಿದಿದ್ದ ಬಳೆ ಸಾಕಾಗದೆ ಚಾಳಿನ ಹೆಂಗಸರು ತಮ್ಮ ಕೈಯವನ್ನೇ ಕೊಟ್ಟರು. ಮುಗಿದ ದಿನ ಸಂಜೆ ಚಾಳಿನವರೆಲ್ಲ ಅಂಗಳದಲ್ಲಿ ಸೇರಿದ್ದರು, ಊರಿನವರೂ ಬಂದಿದ್ದರು. ಭೀಮಾಜಿ ಮಾಸ್ತರರು ಕೊಡೆ ಊರಿಕೊಂಡು ಒಂದು ಬದಿಗೆ ನಿಂತಿದ್ದರು. ನಕ್ಷೆಮನೆ ಬಿಟ್ಟು ಅವರು ಯಾವ ಗೋಡೆಯನ್ನೂ ನೋಡಲು ಹೋದದ್ದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ.

ಕಾಕಾ ಕಾಲು ತೊಳೆದುಕೊಂಡು ಬಂದ. ಕೌದಿ ಹೆಗಲ ಮೇಲಿತ್ತು. ಕೊನೆಯ ಬಾಗಿಲು ನೂಕಿ ಒಳಗೆ ಹೋದ. ನಾವೆಲ್ಲ ಒಂಬತ್ತನೇ ಖೋಲಿಯ ಕಡೆ ಕಿವಿಗೊಟ್ಟು ನಿಂತೆವು. ಅಲ್ಲಿ ಏನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಕೊನೆಯ ಬಾಗಿಲೇ ತೆರೆಯಿತು, ಕಾಕಾ ಹೊರಗೆ ಬಂದು ನಿಂತ. ತನ್ನ ಖಾಲಿ ಖೋಲಿಯೇ ಸಿಕ್ಕಿತ್ತು.

ತಿರಕಪ್ಪ ನನ್ನ ಮುಖ ನೋಡಿದ. ಎಲ್ಲಿ ಯಾವ ಎಲೆ ತಪ್ಪಿದೆಯೋ ಎಂದು ನನ್ನ ಕಣ್ಣು ಗೋಡೆಯ ಮೇಲೆ ಓಡಿತು. "ಇನ್ನೊಮ್ಮೆ ಹೋಗು ಕಾಕಾ" ಎಂದಳು ಫಕೀರವ್ವ, ಬಾಗಿಲು ತಪ್ಪಿದ ಮಗುವಿಗೆ ಹೇಳುವಷ್ಟು ಸಹಜವಾಗಿ.

ಅವನು ಬಾಗಿಲು ಎಳೆದುಕೊಂಡು, ಚೌಕಟ್ಟಿನ ಗಾರೆಯ ಕಾಳುಗಳ ಮೇಲೆ ಒಂದು ಸಲ ಕೈಯಾಡಿಸಿ, ಮತ್ತೆ ನೂಕಿ ಒಳಗೆ ಹೋದ. ಬಾಗಿಲು ಮುಚ್ಚಿತು. ಆ ಕಡೆ ಒಂಬತ್ತನೇ ಖೋಲಿಯೊಳಗಿಂದ ಸಂಕವ್ವನ ದನಿ ಬಂತು. "ಬಂದ್ಯಾ? ಕುಂದರು. ರೊಟ್ಟಿ ಆರಾಕತ್ತಾವ."

ಅಂಗಳದಲ್ಲಿ ಯಾರೋ ನಕ್ಕರು, ಯಾರೋ ಮೂಗು ಒರೆಸಿಕೊಂಡರು. ಫಕೀರವ್ವ ಸೆರಗು ಸಿಕ್ಕಿಸಿಕೊಂಡು, ತನ್ನ ಬಾಗಿಲು ಬಿಟ್ಟು ಕೊನೆಯ ಬಾಗಿಲ ಕಡೆಗೆ ನಡೆದಳು. ಅದರಿಂದ ಹೋದರೂ ಮನೆ ಸಿಗುತ್ತದೆಯೋ ನೋಡುತ್ತೇನೆ ಅಂದಳು. ಜನ ಕರಗಿದ ಮೇಲೂ ನಾನು ಅಲ್ಲೇ ನಿಂತಿದ್ದೆ. ಒಳಗೆ ದೀಪ ಹಚ್ಚಿದರು. ಎರಡು ಗೋಡೆಗಳನ್ನೂ ಒಂದಾದ ಮೇಲೊಂದು ನೋಡಿದೆ, ಎಲೆಗೆ ಎಲೆ, ಚೂರಿಗೆ ಚೂರು. ಎಲ್ಲಿಯೂ ಒಂದು ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ.